ಗಾಲ್ಜಿಬಾಗ್ ಮರಳಿನಲ್ಲಿ ಎರಡು ಟೆಂಟು, ಒಂದು ತಾಡಪತ್ರಿ

ಮೊದಲೇ ಹೇಳಿಬಿಡುತ್ತೇನೆ, ಕಡಲ ತೀರದ ಮರಳಿನಲ್ಲಿ ರಾತ್ರಿ ಕಳೆಯಲು ಟೆಂಟೋ ತಾಡಪತ್ರಿಯೋ ಅಂದರೆ ನನ್ನ ಓಟು ತಾಡಪತ್ರಿಗೆ. ಎರಡು ಗಾಳಿಮರಗಳ ನಡುವೆ ಹಗ್ಗ, ಅದರ ಮೇಲೆ ತಾಡಪತ್ರಿ, ಒಳಗೆ ಮನೆಯ ಸೊಳ್ಳೆ ಪರದೆ, ಕೆಳಗೆ ಚಾಪೆ. ವಾಸ್ಕೋ ಪೇಟೆಯಲ್ಲಿ ತಾಡಪತ್ರಿ, ಹಗ್ಗ ಸೇರಿ 700 ರೂಪಾಯಿ ಆಯಿತು. ಇದಕ್ಕೂ ಮುಂಚೆ ಆನ್‌ಲೈನಿನಲ್ಲಿ 2,100 ಕೊಟ್ಟು 'ನಾಲ್ಕು ಜನರ' ಟೆಂಟು ತರಿಸಿದ್ದೆ. ಆ ನಾಲ್ಕು ಜನ ಯಾರೋ ಗೊತ್ತಿಲ್ಲ. ನಾವು ಗಂಡ, ಹೆಂಡತಿ, ಮಗ ಮೂವರೇ ಒತ್ತಿಕೊಂಡು ಮಲಗಿದೆವು.

ಜಾಗ ಕಾಣಕೋಣದ ಗಾಲ್ಜಿಬಾಗ್. ದಕ್ಷಿಣ ಗೋವಾದ ತುದಿ, ಕಾರವಾರಕ್ಕೆ ಹತ್ತಿರ. ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದಲ್ಲಿ ಇಲ್ಲಿ ಮೊಟ್ಟೆ ಇಡಲು ಬರುತ್ತವೆ. ಹಾಗಾಗಿ ಬೀಚಿನಲ್ಲೋ ಮರಳು ದಿಬ್ಬದ ಮೇಲೋ ಮಲಗುವ ಮಾತೇ ಇಲ್ಲ. ದಿಬ್ಬಗಳಿಗೆ ಕರಾವಳಿ ನಿಯಮದ ರಕ್ಷಣೆಯೂ ಇದೆ. ಅಲ್ಲಿನ ಅಡುಂಬು ಬಳ್ಳಿ ಕಿತ್ತರೆ ಮರಳು ಹಿಡಿದು ನಿಲ್ಲಿಸುವವರಿಲ್ಲ. ನಾವು ಉಳಿದದ್ದು ದಿಬ್ಬದ ಹಿಂದೆ, ಪರಿಚಯದವರ ತೋಟದಲ್ಲಿ, ಅವರನ್ನು ಕೇಳಿಕೊಂಡೇ. ಬೆಳಕಿನಿಂದ ಆಮೆಗಳಿಗೆ ತೊಂದರೆಯಾಗದಿರಲಿ ಅಂತ ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆವು. ಅಡುಗೆ ಮನೆಯಿಂದಲೇ ಮಾಡಿಕೊಂಡು ಹೋಗಿದ್ದೆವು.

ಈಗ ಗೂಟದ ಕಥೆ. ನಾನು ನವಲಗುಂದ ಕಡೆಯವನು. ನಮ್ಮ ಎರೆ ಮಣ್ಣಿನಲ್ಲಿ ಗೂಟ ಬಡಿದರೆ ಎತ್ತು ಎಳೆದರೂ ಬರುವುದಿಲ್ಲ. ಅದೇ ಧೈರ್ಯದಲ್ಲಿ ಟೆಂಟಿನ ಜೊತೆ ಬಂದ ತಂತಿ ಗೂಟಗಳನ್ನು ಮರಳಿಗೆ ಒತ್ತಿದೆ. ಬೆರಳಲ್ಲೇ ಒತ್ತಬಹುದಿತ್ತು. ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ಮಧ್ಯಾಹ್ನ ಮೂರರ ಹೊತ್ತಿಗೆ ಕಡಲ ಗಾಳಿ ಜೋರಾಯಿತು. ಬಾಗಿಲು ಕಡಲಿನ ಕಡೆಗೇ ಇಟ್ಟಿದ್ದೆ, ನೋಟ ಚೆನ್ನಾಗಿರಲಿ ಅಂತ. ಗಾಳಿ ಒಳಗೆ ತುಂಬಿ ಟೆಂಟು ಉಬ್ಬಿತು. ನಾಲ್ಕೂ ಗೂಟ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂದವು. ಮಗ ಟೆಂಟಿನ ಹಿಂದೆ ಓಡಿದ, ನಾನು ಮಗನ ಹಿಂದೆ.

ಆಮೇಲೆ ಗೂಟದ ಸುತ್ತ ನೀರು ಸುರಿದೆ. ಒದ್ದೆ ಮರಳು ಗಟ್ಟಿ, ನಿಜ. ಆದರೆ ಗಾಳಿಗೆ ಒಣಗಿದ ಮೇಲೆ ಮತ್ತೆ ಅದೇ ಹಾಡು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಸಂಜೆಯವರೆಗೂ ಕೊಡ ಹೊತ್ತೆ. ಒಣ ಮರಳಿನ ಕಣಕ್ಕೆ ಕಣ ಅಂಟುವುದಿಲ್ಲ, ತೆಳ್ಳನೆ ತಂತಿಯನ್ನು ಅದು ಹಿಡಿಯುವುದಾದರೂ ಹೇಗೆ?

ಕೊನೆಗೆ ತೋಟದ ಅಜ್ಜನೇ ದಾರಿ ತೋರಿಸಿದ್ದು. ಒಣ ತೆಂಗಿನ ಮಟ್ಟೆಯನ್ನು ಮೊಳದುದ್ದ ಕತ್ತರಿಸಿ, ನಡುವೆ ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಅಡ್ಡ ಮಲಗಿಸಿ ಹೂತು, ಮೇಲೆ ತುಳಿದರು. ಎಳೆದರೆ ಮೇಲಿನ ಮರಳೆಲ್ಲಾ ಏಳಬೇಕು, ಹಾಗಾಗಿ ಅಲ್ಲಾಡಲಿಲ್ಲ. ಅಕ್ಕಿ ಚೀಲಕ್ಕೆ ಮರಳು ತುಂಬಿ ಹೂತರೂ ಆಗುತ್ತದೆ.

ಅಷ್ಟು ಮಾಡಿದ ಮೇಲೂ ಆ ಟೆಂಟಿನಲ್ಲಿ ನಿದ್ದೆ ಬರಲಿಲ್ಲ. ಒಂದೇ ಪದರದ ಬಟ್ಟೆ. ಬೆಳಗಿನ ಜಾವ ನಮ್ಮದೇ ಉಸಿರಿನ ಪಸೆ ತೊಟ್ಟಿಕ್ಕುತ್ತಿತ್ತು. "ಇದರಾಗ ಮಲಗೂದಕ್ಕಿಂತ ಹೊರಗ ಮಲಗಿದ್ರ ಚಲೋ ಇತ್ತು ನೋಡ್ರಿ" ಅಂದಳು ಹೆಂಡತಿ. ತಾಡಪತ್ರಿಯ ಯೋಚನೆ ಹುಟ್ಟಿದ್ದೇ ಆ ಮಾತಿನಿಂದ.

ಎರಡನೇ ಸಲ ಸಹೋದ್ಯೋಗಿಯ ಎರಡು ಪದರದ ಟೆಂಟು ಕೇಳಿ ತಂದೆ. ಒಳ್ಳೆಯ ಮಾಲು. ಪಸೆ ಹೊರ ಪದರದಲ್ಲೇ ನಿಂತಿತು. ಜಿಪ್ಪಿಗೆ ಮಾತ್ರ ಮರಳು ಸಿಕ್ಕಿ, ರಾತ್ರಿ ಎರಡಕ್ಕೆ ಮಗನಿಗೆ ಹೊರಗೆ ಹೋಗಬೇಕಾದಾಗ ನಡುವೆಯೇ ನಿಂತುಬಿಟ್ಟಿತು. ಬೆಲೆ ಕೇಳಿದೆ, 7,000 ಅಂದ. ವರ್ಷಕ್ಕೆ ಮೂರು ರಾತ್ರಿಗೆ ಅಷ್ಟು ದುಡ್ಡು ನನ್ನ ಕೈಲಾಗದು.

ತಾಡಪತ್ರಿಗೆ ಜಿಪ್ಪೂ ಇಲ್ಲ, ಗೂಟವೂ ಬೇಡ. ಮೂಲೆಗಳಿಗೆ ಅಜ್ಜನ ಮಟ್ಟೆ ಸಾಕು. ಗಾಳಿ ಎರಡೂ ಕಡೆಯಿಂದ ಹಾಯುತ್ತದೆ, ಮೇಲೆ ಮರಗಳಿರುವುದರಿಂದ ಇಬ್ಬನಿಯೂ ಕಡಿಮೆ. ಗಾಳಿಗೆ ಏಳುವ ಮರಳು ಹೆಚ್ಚಾಗಿ ನೆಲಕ್ಕೆ ಅಂಟಿಕೊಂಡೇ ಓಡುತ್ತದೆ. ಅದಕ್ಕೆ ಕಡಲ ಕಡೆಯ ಅಂಚನ್ನು ನೆಲದವರೆಗೆ ಇಳಿಸಿ ಕಟ್ಟುತ್ತೇನೆ. ಪರದೆಯ ಅಂಚು ಚಾಪೆಯ ಕೆಳಗೆ ಸಿಗಿಸದಿದ್ದರೆ ಇರುವೆ ಬರುತ್ತದೆ, ಒಮ್ಮೆ ಏಡಿಯೂ ಬಂತು. ಮರೆ ಇಲ್ಲ, ಬಟ್ಟೆ ಬದಲಿಸಲು ತೋಟದ ಮನೆಗೇ ಹೋಗಬೇಕು. ಹೆಂಡತಿಗೆ ಮೊದಲ ರಾತ್ರಿ ಹೆದರಿಕೆಯಾಗಿತ್ತು, ಎರಡನೇ ಸಲ ಗೊರಕೆ ಹೊಡೆದಳು. ಹಾಂ, ಹಗ್ಗ ಕಟ್ಟುವುದು ಗಾಳಿಮರಕ್ಕೆ ಮಾತ್ರ. ಕಾಯಿ ಇರುವ ತೆಂಗಿನ ಮರದ ಕೆಳಗೆ ಯಾವುದನ್ನೂ ಹಾಕಬೇಡಿ, ಟೆಂಟನ್ನೂ.

ಮರವೇ ಇಲ್ಲದ ಬಯಲಾದರೆ ನಾನೂ ಸಹೋದ್ಯೋಗಿಯ ಟೆಂಟನ್ನೇ ಕೇಳುತ್ತೇನೆ. ಜಿಪ್ಪಿಗೆ ಹಳೆಯ ಹಲ್ಲುಜ್ಜುವ ಬ್ರಶ್ ಜೊತೆಗಿಟ್ಟುಕೊಂಡು.