ರಾತ್ರಿ ಹಾಲೂಡಿಸೋದು: ಮಲಗಿ, ಕೂತು, ಇಲ್ಲಾ ಹಿಂಡಿಟ್ಟು?

ದಾವಣಗೆರೆಯ ತವರಲ್ಲಿ ಬಾಣಂತನ, ರಾತ್ರಿಯಿಡೀ ಎಚ್ಚರ, ಮಗುವಿಗೆ ಮಲಗಿ ಹಾಲು ಕುಡಿಸಲೋ, ಕೂತೋ, ಹಿಂಡಿಟ್ಟೋ ಅಂತ ಕೇಳಿದ್ದೀರಿ. ಮೊದಲ ವಾರಗಳಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಸುಸ್ತಾಗೋದು ಸಹಜ, ಅಲ್ವಾ?

ಮೈಗೆ ವಿಶ್ರಾಂತಿ ಬೇಕೆಂದರೆ ಮಲಗಿ ಕುಡಿಸುವುದೇ ಹಿತ, ಸಿಸೇರಿಯನ್ ಆದವರಿಗಂತೂ ಹೊಲಿಗೆ ಮೇಲೆ ಭಾರ ಬೀಳುವುದಿಲ್ಲ. ಪಕ್ಕಕ್ಕೆ ತಿರುಗಿ, ನಿಮ್ಮ ಬೆನ್ನಿಗೊಂದು ದಿಂಬು ಒತ್ತಿಕೊಂಡು, ಮಗುವಿನ ಹೊಟ್ಟೆ ನಿಮಗೆ ತಾಗುವಂತೆ ಹತ್ತಿರ ಎಳೆದುಕೊಳ್ಳಿ. ಮಗುವಿನ ಹತ್ತಿರ ಮಾತ್ರ ದಿಂಬು, ಕೌದಿ ಬೇಡವೇ ಬೇಡ. ಕುಡಿದ ಮೇಲೆ ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ಕೂತು ಕುಡಿಸಿದರೆ ಬೆನ್ನು ನೋಯಬಹುದು. ಆದರೆ ಮೊಲೆ ಹಿಡಿಯಲು ಇನ್ನೂ ಕಲಿಯುತ್ತಿರುವ ಮಗುವಿಗೆ ಇದೇ ಸರಿ, ಅದರ ಬಾಯಿ ನಿಮಗೆ ಕಾಣುತ್ತದೆ. ತೂಕಡಿಕೆ ಬರುತ್ತಿದ್ದರೆ ಸೋಫಾದಲ್ಲಿ ಕೂರಬೇಡಿ. ಮಗು ಸಂದಿಗೆ ಜಾರಿದರೆ ಉಸಿರುಗಟ್ಟುತ್ತದೆ.

ಒಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಬೇಕೇ ಬೇಕು ಅನ್ನುವವರು ಹಿಂಡಿಟ್ಟು, ಒಂದು ಸರದಿ ಅವ್ವನಿಗೋ ಗಂಡನಿಗೋ ಬಿಡಬಹುದು. ಕೈಯಲ್ಲೇ ಹಿಂಡಿದರೆ ಖರ್ಚಿಲ್ಲ, ಪಂಪಿಗೆ ದುಡ್ಡು ಬೇಕು, ತೊಳೆಯುವ ಕೆಲಸವೂ ಜಾಸ್ತಿ. 25 ಡಿಗ್ರಿಯೊಳಗೆ ಹಾಲು 4 ಗಂಟೆ ತಡೆಯುತ್ತದೆ. ನಮ್ಮೂರ ಏಪ್ರಿಲ್ ಸೆಖೆಗೆ ಫ್ರಿಜ್ಜೇ ಬೇಕು. ಹಾಲು ಚೆನ್ನಾಗಿ ಕೂಡುವ ಮೊದಲು ಸರದಿ ತಪ್ಪಿಸಿದರೆ ಎದೆ ಬಿಗಿದು ನೋಯುತ್ತದೆ, ಹಾಲೂ ಇಳಿಯಬಹುದು. ಹಾಗಾಗಿ ಮೊದಲ ಕೆಲವು ವಾರ ಕಾಯಿರಿ.