ಅಪ್‌ಡೇಟ್ ಆದ ಮೇಲೆ ತೆರೆಯದ ಉಬುಂಟು: ಡಬ್ಲ್ಯುಎಸ್‌ಎಲ್‌ನಲ್ಲಿ ನಾನು ಪ್ರಯೋಗಿಸಿದ ಮೂರು ದಾರಿಗಳು

ವಿಂಡೋಸ್ 11ರ ಡಬ್ಲ್ಯುಎಸ್‌ಎಲ್ 2ರಲ್ಲಿ (ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಸೌಲಭ್ಯ) ನಾನು ದಿನನಿತ್ಯ ಬಳಸುವ ಉಬುಂಟು ಎಂಬ ಲಿನಕ್ಸ್‌ನಲ್ಲಿ ಪ್ಯಾಕೇಜ್‌ಗಳ (ತಂತ್ರಾಂಶ ಘಟಕಗಳ) ಅಪ್‌ಗ್ರೇಡ್ ನಡೆಯುತ್ತಿದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಮುಗಿದು ನಿಂತುಹೋಯಿತು. ಮತ್ತೆ ತೆರೆದರೆ ಟರ್ಮಿನಲ್ ಕಪ್ಪಾಗಿಯೇ ಉಳಿಯಿತು, ಕಮಾಂಡ್ ಬರೆಯುವ ಪ್ರಾಂಪ್ಟ್ ಬರಲಿಲ್ಲ. ಎರಡು ವರ್ಷದ ಕೆಲಸ ಅದರೊಳಗೆ ಇದ್ದುದರಿಂದ ಅಳಿಸಿ ಹೊಸದಾಗಿ ಹಾಕಿಕೊಳ್ಳುವ ಯೋಚನೆಯನ್ನು ಬದಿಗಿಟ್ಟು, ಮೂರು ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ.

ಮೊದಲನೆಯದು ಎಲ್ಲರೂ ಮೊದಲು ಹೇಳುವ ಸಲಹೆ: 'ಡಬ್ಲ್ಯುಎಸ್‌ಎಲ್ ಶಟ್‌ಡೌನ್' ಕಮಾಂಡ್ ಕೊಟ್ಟು, ಬಳಿಕ ಡಬ್ಲ್ಯುಎಸ್‌ಎಲ್ ಅನ್ನೇ ಅಪ್‌ಡೇಟ್ ಮಾಡುವುದು. ಅಪಾಯವಿಲ್ಲದ ಕ್ರಮ, ಆದರೆ ನನಗೆ ಫಲ ಕೊಡಲಿಲ್ಲ. ಡಬ್ಲ್ಯುಎಸ್‌ಎಲ್ 2ರ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ವಿಂಡೋಸ್ ಕಡೆಯಿಂದ ಬರುತ್ತದೆ. ಉಬುಂಟುವಿನಲ್ಲಿ ಪ್ಯಾಕೇಜ್‌ಗಳನ್ನು ತಂದು ಹಾಕುವ ಎಪಿಟಿ ಅದನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ಹಾಕಿದ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಅದೇ ಕರ್ನಲ್ ಮೇಲೆ ತಕ್ಷಣ ತೆರೆದುಕೊಂಡಾಗ, ದೋಷ ಇರುವುದು ಉಬುಂಟುವಿನ ಡಿಸ್ಕ್ ಒಳಗೇ ಎಂಬುದು ಖಚಿತವಾಯಿತು. ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಬೇಕಿತ್ತು.

ಎರಡನೆಯದು ಇಡೀ ಉಬುಂಟುವನ್ನು ಒಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಬೇರೆ ಹೆಸರಿನಲ್ಲಿ ಇಂಪೋರ್ಟ್ ಮಾಡುವುದು. ಉಬುಂಟು ತೆರೆಯದಿದ್ದರೂ ಎಕ್ಸ್‌ಪೋರ್ಟ್ ಸರಾಗವಾಗಿ ನಡೆದು ಟಾರ್ ಫೈಲ್ ಕೈಗೆ ಸಿಕ್ಕಿತು, ಅದು ದೊಡ್ಡ ಸಮಾಧಾನ. ಇಂಪೋರ್ಟ್ ಮಾಡಿದ ಪ್ರತಿ ಮಾತ್ರ ಅದೇ ಕಪ್ಪು ಪರದೆಯಲ್ಲಿ ನಿಂತಿತು, ಏಕೆಂದರೆ ಅರೆಬರೆ ಸ್ಥಾಪನೆಯಾದ ಪ್ಯಾಕೇಜ್‌ಗಳೂ ಹಾಗೆಯೇ ಅದರೊಳಕ್ಕೆ ಹೋಗಿದ್ದವು. ಹೋಮ್ ಫೋಲ್ಡರನ್ನು ಮಾತ್ರ ಹೊಸ ಉಬುಂಟುವಿಗೆ ತೆಗೆದುಕೊಳ್ಳಬಹುದು. ಆಗ 'ವಾರ್' (/var) ಫೋಲ್ಡರಿನ ಅಡಿಯಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ದತ್ತಾಂಶವನ್ನೂ 'ಇಟಿಸಿ' (/etc) ಫೋಲ್ಡರಿನ ಸೆಟ್ಟಿಂಗ್‌ಗಳನ್ನೂ ಪ್ರತ್ಯೇಕವಾಗಿ ಹುಡುಕಿ ತರಬೇಕಾಗುತ್ತದೆ. ಹಾಗಾಗಿ ಇದನ್ನು ಬ್ಯಾಕಪ್ ಎಂದು ಒಪ್ಪುತ್ತೇನೆ, ದುರಸ್ತಿ ಎಂದು ಒಪ್ಪಲಾರೆ.

ಕೆಲಸ ಮುಗಿಸಿದ್ದು ಮೂರನೆಯ ದಾರಿ. ಶಟ್‌ಡೌನ್ ಮಾಡಿ, ಉಬುಂಟುವಿನ ಇಡೀ ಡಿಸ್ಕ್ ಅಡಗಿರುವ 'ಇಎಕ್ಸ್‌ಟಿ4' ಹೆಸರಿನ ವಿಎಚ್‌ಡಿಎಕ್ಸ್ ಫೈಲಿಗೆ ಒಂದು ನಕಲು ತೆಗೆದಿಟ್ಟು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್‌ನಿಂದ (ವಿಂಡೋಸ್‌ನ ಕಮಾಂಡ್ ಕಿಟಕಿ) ಮೂಲ ಫೈಲನ್ನು ಮೌಂಟ್ ಮಾಡಿದಾಗ, ಅಂದರೆ ಡಿಸ್ಕಿನಂತೆ ಜೋಡಿಸಿದಾಗ, ಅದು ಡೆಬಿಯನ್ ಒಳಗೆ 'ಎಂಎನ್‌ಟಿ'ಯ ಡಬ್ಲ್ಯುಎಸ್‌ಎಲ್ ಫೋಲ್ಡರಿನಲ್ಲಿ (/mnt/wsl) ಕಾಣಿಸಿತು. ಪ್ರಾಕ್, ಸಿಸ್, ಡೆವ್ ಎಂಬ ಸಿಸ್ಟಂ ಫೋಲ್ಡರುಗಳನ್ನು ಬೈಂಡ್ ಮಾಡಿ (ಆ ಡಿಸ್ಕಿನೊಳಗೂ ಕಾಣುವಂತೆ ಜೋಡಿಸಿ), ಆ ಡಿಸ್ಕನ್ನೇ ಮೂಲ ಫೋಲ್ಡರಾಗಿಸುವ ಚ್‌ರೂಟ್ ಕಮಾಂಡಿನ ಮೂಲಕ ಒಳಹೊಕ್ಕು, ಪ್ಯಾಕೇಜ್‌ಗಳನ್ನು ಸ್ಥಾಪಿಸುವ ಡಿಪಿಕೆಜಿಗೆ ಬಾಕಿ ಉಳಿದ ಎಲ್ಲವನ್ನೂ ಕಾನ್ಫಿಗರ್ ಮಾಡಲು ಹೇಳಿದೆ. ನಡುವೆ ನಿಂತಿದ್ದ ಸಿಸ್ಟಮ್‌ಡಿ (ಲಿನಕ್ಸ್ ತೆರೆಯುವಾಗ ಸೇವೆಗಳನ್ನು ಆರಂಭಿಸುವ ಪ್ಯಾಕೇಜ್) ಅಲ್ಲಿಯೇ ಪೂರ್ಣಗೊಂಡಿತು. ಉಳಿದ ಪ್ಯಾಕೇಜ್‌ಗಳನ್ನು ಡೌನ್‌ಲೋಡ್ ಮಾಡಲು ಹೊರಟಾಗ ಸರ್ವರ್‌ಗಳ ಹೆಸರಿಗೆ ವಿಳಾಸವೇ ಸಿಗದೆ ಸ್ವಲ್ಪ ಹೊತ್ತು ತಡವರಿಸಿದೆ. ಡಬ್ಲ್ಯುಎಸ್‌ಎಲ್‌ನಲ್ಲಿ ಆ ವಿಳಾಸವನ್ನು ಎಲ್ಲಿ ಕೇಳಬೇಕೆಂದು ಹೇಳುವ 'ರಿಸಾಲ್ವ್ ಕಾನ್ಫ್' ಎಂಬುದು 'ಎಂಎನ್‌ಟಿ' ಅಡಿಯ ಫೈಲೊಂದಕ್ಕೆ ಕೊಂಡಿಯಷ್ಟೇ ಆಗಿದ್ದು, ಚ್‌ರೂಟ್ ಒಳಗಿನಿಂದ ಆ ಫೈಲ್ ಕಾಣುವುದಿಲ್ಲ. ಆ ಫೋಲ್ಡರನ್ನೂ ಬೈಂಡ್ ಮಾಡಿದ ಮೇಲೆ ಸರಿಹೋಯಿತು.

ಮೂರರಲ್ಲಿ ಹೆಚ್ಚು ಶ್ರಮ ಬೇಡುವುದು ಇದೇ, ಲಿನಕ್ಸ್ ಫೈಲ್ ವ್ಯವಸ್ಥೆಯ ಪರಿಚಯವೂ ಸ್ವಲ್ಪ ಬೇಕು. ಆದರೂ ಕಾರಣವನ್ನೇ ಸರಿಪಡಿಸುವುದರಿಂದ ನಾನು ಇದನ್ನೇ ಆರಿಸುತ್ತೇನೆ. 'ಅನ್‌ರಿಜಿಸ್ಟರ್' ಕಮಾಂಡನ್ನು ಮಾತ್ರ ದಯವಿಟ್ಟು ಆತುರದಲ್ಲಿ ಕೊಡಬೇಡಿ, ಅದು ಡಿಸ್ಕ್ ಫೈಲನ್ನೇ ಅಳಿಸಿಹಾಕುತ್ತದೆ. ಅನ್‌ಮೌಂಟ್ ಮಾಡಿ ಉಬುಂಟುವನ್ನು ತೆರೆದಾಗ ನನ್ನ ಹಳೆಯ ಬಳಕೆದಾರ ಹೆಸರು, ದೂರದ ಸರ್ವರ್‌ಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಗಳು, ಪೋಸ್ಟ್‌ಗ್ರೆಸ್ ದತ್ತಾಂಶ ಎಲ್ಲವೂ ಇದ್ದಲ್ಲಿಯೇ ಇದ್ದವು.