ಲೇಹ್‌ಗೆ ಬೈಕಲ್ಲಿ: ಮನಾಲಿ ಕಡೆಯಿಂದ ಹತ್ತೋದಾ, ಶ್ರೀನಗರದ ಕಡೆಯಿಂದಾ?

ಲಡಾಖ್ ಮಾತು ಬಂದ ಕೂಡಲೇ ನಮ್ಮ ಹುಡುಗರು ಯಾವ ಬೈಕ್ ಒಳ್ಳೇದು ಅಂತ ಜಗಳ ಶುರು ಮಾಡುತ್ತಾರೆ. ನನ್ನ ಪ್ರಕಾರ ಬೈಕ್ ಮಾತು ಆಮೇಲೆ ಆಗಲಿ. ಯಾವ ಕಡೆಯಿಂದ ಹತ್ತೋದು ಅನ್ನೋದನ್ನು ಮೊದಲು ತೀರ್ಮಾನ ಮಾಡಬೇಕು.

ಲಡಾಖ್‌ನ ಮುಖ್ಯ ಊರು ಲೇಹ್‌ಗೆ ಹೆಚ್ಚಿನವರು ಹಿಡಿಯುವ ದಾರಿ ಎರಡು. ಒಂದು ಹಿಮಾಚಲದ ಮನಾಲಿಯಿಂದ, ಇನ್ನೊಂದು ಕಾಶ್ಮೀರದ ಶ್ರೀನಗರದಿಂದ. ದೂರದಲ್ಲಿ ಅಂಥ ವ್ಯತ್ಯಾಸವಿಲ್ಲ, ಎರಡೂ 420–430 ಕಿ.ಮೀ. ಆಸುಪಾಸು. ನಮ್ಮ ಗುಂಪು ಒಂದು ಜೂನ್‌ನಲ್ಲಿ ಮನಾಲಿಯಿಂದ ಹತ್ತಿ ಅದೇ ದಾರಿಯಲ್ಲಿ ಇಳಿಯಿತು. ಆಮೇಲೊಂದು ವರ್ಷ ಜುಲೈ ಶುರುವಿನಲ್ಲಿ ಅದೇ ಗೆಳೆಯರು ಶ್ರೀನಗರದಿಂದ ಹತ್ತಿ ಮನಾಲಿಗೆ ಇಳಿದೆವು. ಬೈಕುಗಳನ್ನು ಎರಡು ಸಲವೂ ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲಿನಲ್ಲಿ ಪಾರ್ಸೆಲ್ ಹಾಕಿದ್ದೆವು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಯೇ ಕೊಡಬೇಕು, ನೆನಪಿರಲಿ.

ಮೊದಲು ಎತ್ತರದ ಲೆಕ್ಕ. ಎರಡು ದಾರಿಗಳ ನಿಜವಾದ ವ್ಯತ್ಯಾಸ ಇಲ್ಲೇ ಇರೋದು.

ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಮನಾಲಿ ಊರೇ ಅದಕ್ಕಿಂತ ಮೇಲಿದೆ, ಸುಮಾರು 2,050 ಮೀಟರ್. ಅಲ್ಲಿಂದ ಮುಂದೆ ದಾಟಬೇಕಾದ ಪಾಸ್‌ಗಳು ('ಲಾ' ಅಂದರೆ ಅಲ್ಲಿ ಘಾಟಿ, ಪಾಸ್): ಬಾರಾಲಾಚಾ ಲಾ ಸುಮಾರು 4,890, ಲಾಚುಲುಂಗ್ ಲಾ 5,060, ತಂಗ್‌ಲಾಂಗ್ ಲಾ 5,328. ಪಾಸ್‌ಗಳ ಎತ್ತರಕ್ಕೆ ಹೆದರಬೇಕಿಲ್ಲ. ಹತ್ತಿ, ಫೋಟೋ ತೆಗೆದು, ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತೀರಿ. ತೊಂದರೆ ಕೊಡೋದು ರಾತ್ರಿ ಮಲಗುವ ಎತ್ತರ. ಈ ದಾರಿಯಲ್ಲಿ ಜಿಸ್ಪಾ ಬಿಟ್ಟರೆ ಸಾಮಾನ್ಯವಾಗಿ ಎಲ್ಲರೂ ತಂಗುವುದು ಸರ್ಚುವಿನಲ್ಲಿ. ಅದು 4,290 ಮೀಟರ್, ಲೇಹ್‌ಗಿಂತಲೂ ಸುಮಾರು 800 ಮೀಟರ್ ಮೇಲೆ. ಅಂದರೆ ಸೇರಬೇಕಾದ ಊರಿಗಿಂತ ಹೆಚ್ಚು ಎತ್ತರದಲ್ಲಿ, ಮೈ ಇನ್ನೂ ಒಗ್ಗದಿರುವಾಗಲೇ, ಒಂದು ರಾತ್ರಿ ಕಳೆಯಬೇಕು.

ಸರ್ಚುವಿನ ಆ ರಾತ್ರಿ ಟೆಂಟಿನಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಣ್ಣು ಹತ್ತಿದ ತಕ್ಷಣ ಉಸಿರು ಕಟ್ಟಿದ ಹಾಗಾಗಿ ಎಚ್ಚರವಾಗುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದವನು, ದಿನಾ ಬೆಳಗ್ಗೆ ಓಡುವವನು, ತಲೆ ಹಿಡಿದುಕೊಂಡು ಕೂತಿದ್ದ. ಎರಡು ಸಲ ವಾಂತಿ ಮಾಡಿದ. ಸಿಗರೇಟು ಬಿಡದ ಇನ್ನೊಬ್ಬ ಆರಾಮಾಗಿ ಮ್ಯಾಗಿ ತಿನ್ನುತ್ತಾ 'ಏನಾಯ್ತು ಗುರೂ' ಅಂತ ವಿಚಾರಿಸುತ್ತಿದ್ದ! ಎತ್ತರದ ಕಾಯಿಲೆ ಯಾರನ್ನು ಹಿಡಿಯುತ್ತದೆ ಅಂತ ಮೈಕಟ್ಟು ನೋಡಿ ಹೇಳೋಕಾಗಲ್ಲ. ಅದನ್ನು ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಅನ್ನೋದನ್ನು ಊರು ಬಿಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಸಲ್ಫಾ ಔಷಧಿ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಈಗ ಶ್ರೀನಗರದ ಕಡೆ ನೋಡಿ. ಶ್ರೀನಗರ 1,585 ಮೀಟರ್. ಮೊದಲ ರಾತ್ರಿ ಸೋನಮಾರ್ಗ್‌ನಲ್ಲಿ, 2,740. ಮರುದಿನ ಝೋಜಿ ಲಾ ದಾಟಿ ಕಾರ್ಗಿಲ್‌ನಲ್ಲಿ ಮಲಗಿದರೆ 2,676. ಅದರ ಮರುದಿನ ಲೇಹ್. ಇಡೀ ದಾರಿಯ ಅತಿ ಎತ್ತರದ ಜಾಗ ಫೋಟು ಲಾ, 4,108 ಮೀಟರ್. ಮನಾಲಿ ದಾರಿಯಲ್ಲಿ ನಾವು ಮಲಗಿದ್ದ ಜಾಗಕ್ಕಿಂತಲೂ ಕಡಿಮೆ! ಆ ಸಲ ಲೇಹ್ ಮುಟ್ಟಿದ ಸಂಜೆ ನಾವು ಮಾರ್ಕೆಟ್ ಸುತ್ತಿದೆವು. ಹಿಂದಿನ ಸಲ ಹೋಟೆಲ್ ಮೆಟ್ಟಿಲು ಹತ್ತೋದೇ ದೊಡ್ಡ ಸಾಹಸವಾಗಿತ್ತು.

2020ರ ಅಕ್ಟೋಬರ್‌ನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಹೊರಡುವವರಿಗೆ ರೋಹ್ತಾಂಗ್ ಪಾಸ್ ಹತ್ತುವ ಕಷ್ಟ ತಪ್ಪಿತು. ಒಳ್ಳೇದೇ. ಆದರೆ ದಾರಿ ಬೇಗ ಸಾಗುವುದರಿಂದ 'ಇನ್ನೂ ಬೆಳಕಿದೆ, ಸರ್ಚು ಮುಟ್ಟಿಬಿಡೋಣ' ಅನ್ನುವ ಆಸೆ ಜಾಸ್ತಿಯಾಗುತ್ತದೆ. ಬೆಳಗ್ಗೆ 2,050, ರಾತ್ರಿ 4,290. ಮೈ ಸುಮ್ನೆ ಬಿಡುತ್ತಾ?

ರಸ್ತೆಯ ವಿಷಯಕ್ಕೆ ಬಂದರೆ ನನ್ನ ಓಟು ಮನಾಲಿಗೆ. ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಒಂದೊಂದಾಗಿ ಹತ್ತಿ ಮೇಲಿನಿಂದ ಇಣುಕಿದರೆ ಹಿಂದೆ ಬರುತ್ತಿರುವ ಗೆಳೆಯರ ಬೈಕುಗಳು ಮೂರು ನಾಲ್ಕು ಮಜಲಿನಲ್ಲಿ ಕಾಣುತ್ತವೆ. ಪಾಂಗ್ ದಾಟಿದ ಮೇಲೆ ಮೋರೆ ಬಯಲು. 4,600 ಮೀಟರ್ ಮೇಲೆ ಸುಮಾರು 40 ಕಿ.ಮೀ. ಸಪಾಟು ನೆಲ, ನೆಟ್ಟಗಿನ ರಸ್ತೆ. ಅಲ್ಲಿ ಯಾರೂ ಮಾತಾಡದೆ ಬೈಕ್ ಓಡಿಸಿದ್ದೆವು. ಇಂಥದ್ದು ಶ್ರೀನಗರದ ದಾರಿಯಲ್ಲಿ ಇಲ್ಲ.

ಆದರೆ ಮನಾಲಿ ದಾರಿಯಲ್ಲಿ ನೀರಿದೆ. ಝಿಂಗ್‌ಝಿಂಗ್‌ಬಾರ್ ಸುತ್ತಮುತ್ತ ಹಿಮ ಕರಗಿ ರಸ್ತೆ ಮೇಲೆಯೇ ಹರಿಯುತ್ತದೆ. ಬೆಳಗ್ಗೆ ಹಿಮ ಇನ್ನೂ ಗಟ್ಟಿಯಾಗಿರುವುದರಿಂದ ನೀರು ಕಡಿಮೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ಜೋರು. ಹತ್ತುವಾಗ ಜಿಸ್ಪಾದಿಂದ ಆರು ಗಂಟೆಗೆ ಹೊರಟಿದ್ದಕ್ಕೆ ಪಾದ ಮುಳುಗುವಷ್ಟು ನೀರಿನಲ್ಲಿ ದಾಟಿದ್ದೆವು. ಇಳಿಯುವಾಗ ಅದೇ ಜಾಗಕ್ಕೆ ಬಂದಾಗ ಸಂಜೆ ನಾಲ್ಕಾಗಿತ್ತು. ನೀರು ಮೊಣಕಾಲಿಗೆ ಬರುತ್ತಿತ್ತು. ತಳದ ಕಲ್ಲು ಕಾಣುತ್ತಿರಲಿಲ್ಲ. ಫಸ್ಟ್ ಗೇರ್, ಒಂದೇ ಸಮ ಆಕ್ಸಿಲರೇಟರ್, ಕಾಲು ಎರಡೂ ಕಡೆ ಇಳಿಬಿಟ್ಟು, ಕಣ್ಣು ಆಚೆ ದಡದ ಮೇಲೆ. ಒಬ್ಬ ದಾಟುವವರೆಗೆ ಇನ್ನಿಬ್ಬರು ಕೆಳಗಿನ ಪಕ್ಕದಲ್ಲಿ ನೀರಿನಲ್ಲೇ ನಿಂತು ಕಾಯಬೇಕಾಯಿತು. ಆ ನೀರಲ್ಲಿ ಎರಡು ನಿಮಿಷ ನಿಂತರೆ ಕಾಲು ಯಾರದ್ದೋ ಅನ್ನಿಸುತ್ತದೆ.

ಅದಕ್ಕೇ ಎರಡನೇ ಸಲ ಇಳಿಯುವಾಗ ಸರ್ಚುವಿನಲ್ಲಿ ಉಳಿದು ಬೆಳಗ್ಗೆ ದಾಟಿದೆವು. ಲೇಹ್, ಖರ್ದುಂಗ್ ಲಾ, ನುಬ್ರಾ ಎಲ್ಲಾ ಸುತ್ತಿ ಮೈ ಒಗ್ಗಿದ್ದರಿಂದ ಅದೇ ಸರ್ಚುವಿನಲ್ಲಿ ಗೊರಕೆ ಹೊಡೆದು ಮಲಗಿದೆವು.

ಶ್ರೀನಗರದ ದಾರಿಯಲ್ಲಿ ಎದೆ ನಡುಗಿಸೋದು ಝೋಜಿ ಲಾ ಒಂದೇ. 3,528 ಮೀಟರ್ ಅಷ್ಟೇ, ಆದರೆ ಮಳೆ ಬಂದರೆ ಇಡೀ ಘಾಟಿ ಕೆಸರು. ನಾವು ಹೋದಾಗ ಹಿಂದಿನ ರಾತ್ರಿ ಮಳೆ ಸುರಿದಿತ್ತು. ಲಾರಿಗಳು ಹೂತ ಎರಡು ಗಾಲಿಯ ಜಾಡು, ನಡುವೆ ಜಾರುವ ದಿಬ್ಬ. ಪಕ್ಕಕ್ಕೆ ಕಣ್ಣು ಹಾಯಿಸಿದರೆ ತಳದಲ್ಲಿ ಅಮರನಾಥ ಯಾತ್ರಿಗಳು ತಂಗುವ ಬಾಲ್ತಾಲ್‌ನ ಟೆಂಟುಗಳು ಸಣ್ಣ ಚುಕ್ಕಿಗಳು. ಅಮರನಾಥ ಯಾತ್ರೆ ನಡೆಯುವ ದಿನಗಳಲ್ಲಿ ಸೋನಮಾರ್ಗ್‌ವರೆಗೆ ವಾಹನ ಸಂದಣಿ, ತಪಾಸಣೆ ಎರಡೂ ಜಾಸ್ತಿ. ಆಗ ಅರ್ಧ ದಿನ ಕೈಯಲ್ಲಿ ಇಟ್ಟುಕೊಳ್ಳಿ. ಘಾಟಿಯ ಕೆಳಗೇ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದರೆ ಈ ಪ್ಯಾರಾ ಬೇಡವಾಗುತ್ತದೆ.

ಘಾಟಿ ದಾಟಿದ ಮೇಲೆ ರಸ್ತೆ ಚೆಂದ. ದ್ರಾಸ್‌ನ ಯುದ್ಧ ಸ್ಮಾರಕದಲ್ಲಿ ಒಂದು ಗಂಟೆಯಾದರೂ ನಿಲ್ಲಿ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೈನಿಕರು ಕಾದಾಡಿದ ತೋಲೋಲಿಂಗ್ ಬೆಟ್ಟ ಕಣ್ಣೆದುರಿಗೇ ಇದೆ. ಇಷ್ಟು ನೆಟ್ಟಗಿನ ಇಳಿಜಾರನ್ನು ಗುಂಡಿನ ಮಳೆಯಲ್ಲಿ ಹತ್ತಿದರಾ ಅಂತ ನಂಬೋಕೆ ಕಷ್ಟವಾಗುತ್ತದೆ. ಲಾಮಾಯೂರು ಬೌದ್ಧ ಮಠ, ನಿಮ್ಮುವಿನ ಹತ್ತಿರ ಸಿಂಧೂ–ಝನ್‌ಸ್ಕಾರ್ ಸಂಗಮ, ಇವೂ ದಾರಿಯಲ್ಲೇ ಸಿಗುತ್ತವೆ.

ಪೆಟ್ರೋಲ್? ಶ್ರೀನಗರದ ಕಡೆ ತಲೆಬಿಸಿ ಇಲ್ಲ. ಕಾರ್ಗಿಲ್‌ನಲ್ಲಿ ಬಂಕು, ಎಟಿಎಂ, ಆಸ್ಪತ್ರೆ ಎಲ್ಲಾ ಇದೆ. ಮನಾಲಿ ಕಡೆ ತಾಂಡಿ ಬಂಕಿನಲ್ಲೇ ಬೋರ್ಡ್ ಹಾಕಿರುತ್ತಾರೆ, ಮುಂದಿನ ಬಂಕ್ 365 ಕಿ.ಮೀ. ಅಂತ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕಿನ ಟ್ಯಾಂಕು 15 ಲೀಟರ್, ಹೇಗೋ ದಾಟುತ್ತದೆ. ಹಿಂದೆ ಜನ ಕೂತಿದ್ದರೆ, ಟ್ಯಾಂಕು ಸಣ್ಣದಿದ್ದರೆ ಐದು ಲೀಟರಿನ ಕ್ಯಾನ್ ಕಟ್ಟಿಕೊಳ್ಳಿ. ಮೊಬೈಲ್ ವಿಷಯವೂ ಅಷ್ಟೇ. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲೂ ಕಾಶ್ಮೀರದಲ್ಲೂ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನಾಲಿ ದಾರಿಯಲ್ಲಿ ಅದಕ್ಕೂ ಸಿಗ್ನಲ್ ಸಿಗುವ ಜಾಗ ಕಡಿಮೆ. ಹಾಗಾಗಿ 'ಮುಂದಿನ ಢಾಬಾದಲ್ಲಿ ಸಿಗೋಣ' ಅಂತ ಹೇಳಿಯೇ ಹೊರಡಬೇಕು.

ಊಟಕ್ಕೆ ಶ್ರೀನಗರವೇ ಮೇಲು, ಅದರಲ್ಲಿ ವಾದ ಇಲ್ಲ. ಪಾಂಗ್‌ನಲ್ಲಿ ನೀರು 85 ಡಿಗ್ರಿ ಸುಮಾರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅಕ್ಕಿ ಬೇಯುವುದಿಲ್ಲ. ರಾಜ್ಮಾ ಅನ್ನಕ್ಕೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಢಾಬಾದ ಅಮ್ಮನೂ ಒಂದು ಚಮಚ ಇಸಕೊಂಡರು.

ಬೈಕಿನ ಜಗಳಕ್ಕೆ ಇಷ್ಟೇ ಉತ್ತರ: ತಂಗ್‌ಲಾಂಗ್ ಲಾ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಎಂಜಿನ್ ಶಕ್ತಿಯೂ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬೈಕು ಗಾಳಿಗೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರ್ ಬೈಕಿಗೆ ಅದು ಗೊತ್ತಾಗದೆ ಕೆಮ್ಮುತ್ತದೆ. ನೀರು, ಕೆಸರಿನಲ್ಲಿ 160 ಕೆ.ಜಿ. ಒಳಗಿನ 200 ಸಿಸಿ ಬೈಕಿದ್ದವನು ನಗುತ್ತಾ ದಾಟಿದ. ಘಾಟಿ ಏರುವಾಗ ಹಿಂದೆ ಬಿದ್ದ.

ಹೊಸಬರು ಇರುವ ಗುಂಪಾದರೆ ಶ್ರೀನಗರದಿಂದ ಹತ್ತಿ, ಮನಾಲಿಗೆ ಇಳಿಯಿರಿ. ಸ್ವಂತ ಬೈಕ್ ಇದ್ದರೆ ಈ ಸುತ್ತು ಸಲೀಸು. ಬಾಡಿಗೆ ಬೈಕಾದರೆ ಹೊರಗಿನದ್ದನ್ನು ಲೇಹ್‌ನ ಆಚೆ ಪ್ಯಾಂಗಾಂಗ್, ನುಬ್ರಾ ಕಡೆ ಓಡಿಸಲು ಅಲ್ಲಿನ ಬಾಡಿಗೆಯವರು ಬಿಡುವುದಿಲ್ಲ, ಅಲ್ಲೇ ಇನ್ನೊಂದು ತಗೋಬೇಕು. ಒಂದು ವಾರವಷ್ಟೇ ರಜೆ ಇದ್ದರೆ ಎರಡೂ ದಾರಿ ಬೇಡ. ವಿಮಾನದಲ್ಲಿ ಲೇಹ್‌ಗೆ ಹೋಗಿ, ಎರಡು ದಿನ ಸುಮ್ನೆ ಬಿದ್ದುಕೊಂಡು, ಅಲ್ಲೇ ಬೈಕ್ ಹಿಡಿಯಿರಿ. ಮನಾಲಿಯಿಂದಲೇ ಹತ್ತಬೇಕು ಅನ್ನುವ ಹಠ ಇದ್ದರೆ ಮೈ ಒಗ್ಗಲಿ ಅಂತ ಸರ್ಚುವಿಗಿಂತ ಕೆಳಗಿರುವ ಜಿಸ್ಪಾದಲ್ಲಿ ಎರಡು ರಾತ್ರಿ ಉಳಿಯಿರಿ, ಮೂರನೇ ಬೆಳಗ್ಗೆ ಆರಕ್ಕೆ ಹೊರಡಿ.